ಲೇಹ್‌ನಲ್ಲಿ ಮೊದಲ ಎರಡು ರಾತ್ರಿ

ದೆಹಲಿಯಲ್ಲಿ ಬೆಳಗಿನ ವಿಮಾನ ಹತ್ತಿದವರು ಒಂದೂಕಾಲು ಗಂಟೆಯಲ್ಲಿ ಲೇಹ್‌ನಲ್ಲಿ ಇಳಿಯುತ್ತಾರೆ. ಬೆಂಗಳೂರಿನಿಂದ ಹೊರಟ ಬಸ್ಸು ತುಮಕೂರು ಮುಟ್ಟಲು ಹೆಚ್ಚುಕಡಿಮೆ ಇಷ್ಟೇ ಹೊತ್ತು ಬೇಕು. ಆದರೆ ಈ ಒಂದೂಕಾಲು ಗಂಟೆಯಲ್ಲಿ ಪ್ರಯಾಣಿಕನ ದೇಹ ಸಮುದ್ರಮಟ್ಟದಿಂದ ಸುಮಾರು 216 ಮೀಟರ್ ಎತ್ತರದ ದೆಹಲಿಯನ್ನು ಬಿಟ್ಟು 3,256 ಮೀಟರ್ ಎತ್ತರದ ವಿಮಾನ ನಿಲ್ದಾಣಕ್ಕೆ ಬಂದಿರುತ್ತದೆ. ಊರು ಅದಕ್ಕಿಂತಲೂ ಮೇಲೆ, ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಲೇಹ್‌ನ ಪೇಟೆ ಬೀದಿ ಮುಳ್ಳಯ್ಯನಗಿರಿಯ ನೆತ್ತಿಗಿಂತ ಒಂದೂವರೆ ಕಿಲೋಮೀಟರಿನಷ್ಟು ಮೇಲಿದೆ. ಅಷ್ಟು ಎತ್ತರದಲ್ಲಿ ಒಂದು ರಾತ್ರಿ ಕಳೆದ ಅನುಭವ ಕನ್ನಡನಾಡಿನ ಹೆಚ್ಚಿನ ಮಕ್ಕಳಿಗೂ ಇಲ್ಲ, ಅವರ ತಂದೆತಾಯಿಗಳಿಗೂ ಇಲ್ಲ.

ಪರೀಕ್ಷೆ ಮುಗಿಯುತ್ತಿದ್ದಂತೆ ಲಡಾಖ್ ಪ್ರವಾಸಕ್ಕೆ ಹೊರಡುವ ಕುಟುಂಬಗಳು, ಕಾಲೇಜು ಗೆಳೆಯರ ಗುಂಪುಗಳು ಈಗ ಬಹಳ. ಅವರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಮೊದಲ ದಿನ ಲೇಹ್ ಅರಮನೆ, ಎರಡನೇ ದಿನ ಖರ್ದುಂಗ್ ಲಾ, ಮೂರನೇ ದಿನ ಪಾಂಗಾಂಗ್ ಸರೋವರ. ಹಣ ಕಟ್ಟಿಯಾಗಿದೆ, ನೋಡದೆ ಬರುವುದು ಹೇಗೆ? ತೊಂದರೆ ಶುರುವಾಗುವುದೇ ಈ ಲೆಕ್ಕಾಚಾರದಿಂದ. ಲೇಹ್‌ನಲ್ಲಿ ಯಾವ ಹೋಟೆಲಿನಲ್ಲಿ ಉಳಿಯಬೇಕು ಎಂಬ ಪ್ರಶ್ನೆಗೂ ಮೊದಲ ಎರಡು ರಾತ್ರಿ ದೇಹಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಗೂ ನೇರ ಸಂಬಂಧವಿದೆ. ಎರಡನೆಯದನ್ನು ತಿಳಿದರೆ ಮೊದಲನೆಯದಕ್ಕೆ ಉತ್ತರ ತಾನಾಗಿ ಸಿಗುತ್ತದೆ.

ಗಾಳಿ ಅದೇ, ಒತ್ತಡ ಬೇರೆ

ಎತ್ತರದಲ್ಲಿ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಮಂಗಳೂರಿನ ಕಡಲತೀರದಲ್ಲೂ ಲೇಹ್‌ನಲ್ಲೂ ಗಾಳಿಯ ನೂರು ಪಾಲಿನಲ್ಲಿ ಸುಮಾರು 21 ಪಾಲು ಆಮ್ಲಜನಕವೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಒಂದರ ಮೇಲೊಂದು ಪೇರಿಸಿಟ್ಟ ಹತ್ತಿಯ ಹಾಸಿಗೆಗಳಲ್ಲಿ ಕೆಳಗಿನದು ಅದುಮಿಕೊಂಡಿರುತ್ತದೆ, ಮೇಲಿನದು ಸಡಿಲವಾಗಿರುತ್ತದೆ. ವಾತಾವರಣವೂ ಹಾಗೆಯೇ. 1648ರಲ್ಲಿ ಫ್ರಾನ್ಸಿನ ವಿಜ್ಞಾನಿ ಪಾಸ್ಕಲ್‌ನ ಕೋರಿಕೆಯಂತೆ ಅವನ ಭಾವಮೈದುನ ಪೆರಿಯೆ ಪಾದರಸದ ನಳಿಕೆಯನ್ನು ಪ್ಯುಯಿ ದ ದೋಮ್ ಎಂಬ ಬೆಟ್ಟದ ಮೇಲೆ ಹೊತ್ತೊಯ್ದು, ಮೇಲೇರಿದಂತೆ ಪಾದರಸದ ಮಟ್ಟ ಇಳಿಯುವುದನ್ನು ತೋರಿಸಿದ. ಭೌತಶಾಸ್ತ್ರದ ಪುಸ್ತಕದಲ್ಲಿ ಓದುವ ಆ ಪಾಠವನ್ನು ಲೇಹ್‌ನಲ್ಲಿ ಎದೆಯೇ ಕಲಿಸುತ್ತದೆ.

ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಭಾಗದಷ್ಟು ಮಾತ್ರ. ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯಿಸಲು ಹೊರಟವರಿಗೆ ಇದು ಬೇಗ ಗೊತ್ತಾಗುತ್ತದೆ. ಶ್ವಾಸಕೋಶಕ್ಕೂ ಅದೇ ಕೊರತೆ. ಪ್ರತಿ ಉಸಿರಿನಲ್ಲೂ ಒಳಬರುವ ಆಮ್ಲಜನಕ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಕಡಿಮೆಯಾಗುತ್ತದೆ.

ದೇಹ ಸುಮ್ಮನಿರುವುದಿಲ್ಲ. ಮೊದಲ ಗಂಟೆಗಳಲ್ಲೇ ಉಸಿರಾಟ ಚುರುಕಾಗುತ್ತದೆ. ಆದರೆ ಜೋರಾಗಿ ಉಸಿರಾಡಿದಾಗ ಇಂಗಾಲದ ಡೈ ಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಸ್ವಲ್ಪ ಕ್ಷಾರವಾಗುತ್ತದೆ. ಆಗ ಮಿದುಳು ‘ನಿಧಾನಿಸು’ ಎನ್ನುತ್ತದೆ. ಒಂದು ಕಡೆ ಆಮ್ಲಜನಕದ ಕೊರತೆ ಉಸಿರನ್ನು ಎಳೆಯುತ್ತದೆ, ಇನ್ನೊಂದು ಕಡೆ ಕ್ಷಾರತೆ ತಡೆಯುತ್ತದೆ. ಮೊದಲ ರಾತ್ರಿ ನಿದ್ದೆಯಲ್ಲಿ ಉಸಿರು ಕೆಲವು ಸೆಕೆಂಡು ನಿಂತಂತಾಗಿ, ಆಮೇಲೆ ದೀರ್ಘವಾಗಿ ಎಳೆದುಕೊಂಡು ಎಚ್ಚರವಾಗುವುದು ಇದೇ ಎಳೆದಾಟದಿಂದ. ಹೀಗಾದರೆ ಗಾಬರಿ ಬೇಡ, ಅದೊಂದೇ ಕಾಯಿಲೆಯ ಗುರುತಲ್ಲ. ಮುಂದಿನ ಎರಡು ಮೂರು ದಿನಗಳಲ್ಲಿ ಮೂತ್ರಪಿಂಡಗಳು ಹೆಚ್ಚುವರಿ ಕ್ಷಾರವನ್ನು ಮೂತ್ರದ ಮೂಲಕ ಹೊರಹಾಕಿ ಉಸಿರಾಟಕ್ಕೆ ದಾರಿ ಬಿಡುತ್ತವೆ. ಕೆಂಪು ರಕ್ತಕಣಗಳು ಹೆಚ್ಚಲು ವಾರಗಳೇ ಬೇಕು. ಆಮ್ಲಜನಕ ಕಡಿಮೆಯಾದುದನ್ನು ಜೀವಕೋಶಗಳು ಹೇಗೆ ಗುರುತಿಸುತ್ತವೆ ಎಂಬುದನ್ನು ಕಂಡುಹಿಡಿದ ಕೇಲಿನ್, ರ್‍ಯಾಟ್‌ಕ್ಲಿಫ್ ಮತ್ತು ಸೆಮೆಂಝಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂದಿತು.

ಒಟ್ಟಿನಲ್ಲಿ ಈ ಹೊಂದಾಣಿಕೆಗೆ ಎರಡು ಮೂರು ದಿನ ಹಿಡಿಯುತ್ತದೆ. ಹಣ ಹೆಚ್ಚು ಕೊಟ್ಟು ಇದನ್ನು ಬೇಗ ಮುಗಿಸಲಾಗದು. ಮೂತ್ರಪಿಂಡಕ್ಕೆ ತತ್ಕಾಲ್ ಟಿಕೆಟ್ ಇಲ್ಲ.

ಗಟ್ಟಿಮುಟ್ಟಾದವರಿಗೂ ತಪ್ಪಿದ್ದಲ್ಲ

‘ನಮ್ಮ ಹುಡುಗ ಕಾಲೇಜಿನಲ್ಲಿ ಕಬಡ್ಡಿ ಆಡುತ್ತಾನೆ, ಅವನಿಗೇನಾಗುತ್ತದೆ?’ ಎನ್ನುವ ತಂದೆಯ ಮಾತಿಗೆ ಉತ್ತರ ಲಡಾಖಿನ ಇತಿಹಾಸದಲ್ಲೇ ಇದೆ. 1962ರ ಚೀನಾ ಯುದ್ಧದ ಸಮಯದಲ್ಲಿ ಬಯಲಿನ ಯೋಧರನ್ನು ದಿಢೀರನೆ ಎತ್ತರದ ನೆಲೆಗಳಿಗೆ ಸಾಗಿಸಬೇಕಾಯಿತು. ಅವರೆಲ್ಲ ಆಯ್ದ, ಪಳಗಿದ, ಹರೆಯದ ಗಂಡಾಳುಗಳು. ಆದರೂ ಕಾಯಿಲೆ ಬಿದ್ದರು. ಲೇಹ್‌ನ ಆಸ್ಪತ್ರೆಯಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿಕೊಂಡ 101 ರೋಗಿಗಳ ವಿವರವನ್ನು ಮೆನನ್ ಎಂಬ ವೈದ್ಯರು 1965ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1969ರಲ್ಲಿ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಯೋಧರ ಪರ್ವತ ಬೇನೆಯ ಅಧ್ಯಯನವನ್ನು ಅದೇ ಪತ್ರಿಕೆಯಲ್ಲಿ ಮುಂದಿಟ್ಟರು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಈ ಬೇನೆಯ ಪಾಠ ನಡೆದರೂ ಈ ಎರಡು ಬರಹಗಳ ಪ್ರಸ್ತಾಪ ಬರುತ್ತದೆ.

ದೇಹದಾರ್ಢ್ಯ ಎತ್ತರದ ವಿರುದ್ಧ ಗುರಾಣಿಯಲ್ಲ ಎಂಬುದೇ ಆ ಅಧ್ಯಯನಗಳ ತಿರುಳು. ಬದಲಿಗೆ ಗಟ್ಟಿಮುಟ್ಟಾದ ಹುಡುಗನಿಗೇ ಅಪಾಯ ಹೆಚ್ಚಾಗುವುದುಂಟು. ಅವನು ಮೊದಲ ದಿನವೇ ಓಡಾಡುತ್ತಾನೆ, ಗೆಳೆಯರ ಮುಂದೆ ತಲೆನೋವನ್ನು ಮುಚ್ಚಿಡುತ್ತಾನೆ.

ಹೋಟೆಲು ಹುಡುಕುವಾಗ

ಹೆಚ್ಚು ಬಾಡಿಗೆಯ ಕೋಣೆಯಲ್ಲಿ ಹೆಚ್ಚು ಗಾಳಿ ಇರುವುದಿಲ್ಲ. ಮೊದಲ ಎರಡು ರಾತ್ರಿಗೆ ಬೇಕಾದುದು ದೇಹವನ್ನು ದುಡಿಸದ ಹೋಟೆಲು. ಹಣ ಕಟ್ಟುವ ಮುನ್ನ ಫೋನಿನಲ್ಲಿ ಕೆಲವು ಮಾತು ಕೇಳಿಕೊಳ್ಳುವುದು ಒಳ್ಳೆಯದು.

ಮೊದಲನೆಯದು, ಕೋಣೆ ಎಷ್ಟು ಹೊತ್ತಿಗೆ ಸಿಗುತ್ತದೆ? ಲೇಹ್‌ಗೆ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತಿನಲ್ಲೇ ಇಳಿಯುತ್ತವೆ. ಮಧ್ಯಾಹ್ನ ಹನ್ನೆರಡಕ್ಕೆ ಕೋಣೆ ಎಂದರೆ ನಾಲ್ಕು ಗಂಟೆ ಪೇಟೆ ಸುತ್ತುವುದೇ ಗತಿ. ಮಲಗಿರಬೇಕಾದ ದೇಹಕ್ಕೆ ಅದೇ ಮೊದಲ ಪೆಟ್ಟು.

ಎರಡನೆಯದು, ಬಾಗಿಲವರೆಗೆ ವಾಹನ ಬರುತ್ತದೆಯೇ, ಕೋಣೆ ಯಾವ ಮಹಡಿಯಲ್ಲಿದೆ? ಚಾಂಗ್ಸ್ಪಾದಂತಹ ಬಡಾವಣೆಗಳಲ್ಲಿ ಅತಿಥಿಗೃಹಗಳು ತೋಟದ ನಡುವೆ ಸೊಗಸಾಗಿವೆ. ಆದರೆ ಕೆಲವಕ್ಕೆ ಕಿರುದಾರಿಯಲ್ಲಿ ಪೆಟ್ಟಿಗೆ ಹೊತ್ತೇ ಹೋಗಬೇಕು. ಗುಡ್ಡದ ಬದಿಯ ಹೋಟೆಲಿನಿಂದ ಹಿಮಶಿಖರಗಳ ನೋಟ ಚೆನ್ನ, ಊಟಕ್ಕೆ ಇಳಿದು ಹತ್ತುವ ಮೆಟ್ಟಿಲು ಮಾತ್ರ ಚೆನ್ನಲ್ಲ. ನೆಲಮಹಡಿಯ ಕೋಣೆ ಕೇಳಿ ಪಡೆಯುವುದೇ ಲೇಸು, ಮಜ್ಜಿ, ತಾತ ಜೊತೆಗಿದ್ದರಂತೂ ಇದು ಕಡ್ಡಾಯ.

ಮೂರನೆಯದು, ರಾತ್ರಿ ಎರಡು ಗಂಟೆಗೆ ಯಾರಿಗಾದರೂ ಉಸಿರು ಕಟ್ಟಿದರೆ? ಊರಿನಲ್ಲಿ ಸೋನಂ ನೊರ್ಬು ಸ್ಮಾರಕ ಆಸ್ಪತ್ರೆ ಇದೆ. ಅಲ್ಲಿಗೆ ಎಷ್ಟು ದೂರ, ರಾತ್ರಿ ವಾಹನ ಓಡಿಸುವವರು ಹೋಟೆಲಿನಲ್ಲೇ ಇರುತ್ತಾರೆಯೇ, ಆಮ್ಲಜನಕದ ಸಿಲಿಂಡರ್ ಇದೆಯೇ, ಅದು ತುಂಬಿದೆಯೇ, ಅದನ್ನು ಹಚ್ಚಲು ಬಲ್ಲವರು ಯಾರು? ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸುವ ಮಾಲೀಕನ ಸಾದಾ ಅತಿಥಿಗೃಹ, ಉತ್ತರ ಗೊತ್ತಿಲ್ಲದ ದೊಡ್ಡ ಹೋಟೆಲಿಗಿಂತ ಮೇಲು. ಅಂಗಡಿಯಲ್ಲಿ ಮಾರುವ ಆಮ್ಲಜನಕದ ಪುಟ್ಟ ಡಬ್ಬಿಗಳು ಕೆಲವೇ ನಿಮಿಷಕ್ಕೆ ಮುಗಿಯುತ್ತವೆ, ಅವನ್ನು ನೆಚ್ಚಿ ಕೂರುವಂತಿಲ್ಲ.

ನಾಲ್ಕನೆಯದು, ಚಳಿಗೆ ಏನು ವ್ಯವಸ್ಥೆ? ಕಟ್ಟಿಗೆ ಅಥವಾ ಸೀಮೆಎಣ್ಣೆಯ ಬುಖಾರಿ ಇದ್ದರೆ ಹೊಗೆಕೊಳವೆ ಹೊರಕ್ಕೆ ಹೋಗಿದೆಯೇ ಎಂದು ನೋಡಲೇಬೇಕು. ಮುಚ್ಚಿದ ಕೋಣೆಯಲ್ಲಿ ಬೆಂಕಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ಕೂಡಿಕೊಳ್ಳುತ್ತದೆ. ಅದರಿಂದಲೂ ತಲೆನೋವು, ವಾಕರಿಕೆ, ಮಂಪರು. ಎತ್ತರದ ತಲೆನೋವೆಂದು ಮಲಗಿದವರು ಏಳದೇ ಹೋಗಬಹುದು. ಬಚ್ಚಲಿನ ಗ್ಯಾಸ್ ಗೀಸರಿಗೂ ಇದೇ ಎಚ್ಚರ ಬೇಕು.

ಲಡಾಖಿನಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 100 ಮಿಲಿಮೀಟರ್ ಅಷ್ಟೇ. ಒಂದು ಬಕೆಟ್ ಬಿಸಿನೀರು ಕೊಡುವ ಮನೆಯನ್ನು ಕೀಳೆಂದು ಎಣಿಸಬೇಕಿಲ್ಲ, ಆ ನೆಲಕ್ಕೆ ಅದೇ ನ್ಯಾಯ.

ಇನ್ನೂ ಕೆಳಗಿನ ಊರಿನಲ್ಲಿ ಮಲಗಿದರೆ? ಲೇಹ್‌ನಿಂದ ಸುಮಾರು 65 ಕಿಲೋಮೀಟರ್ ದೂರದ ಆಲ್ಚಿ ಸುಮಾರು 3,100 ಮೀಟರ್ ಎತ್ತರದಲ್ಲಿದೆ. ಅಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ, ಆದರೆ ದೊಡ್ಡಾಸ್ಪತ್ರೆ ದೂರ. ನುಬ್ರಾ ಕಣಿವೆಯೂ ಲೇಹ್‌ಗಿಂತ ತಗ್ಗು, ಆದರೆ ಹೋಗುವಾಗಲೂ ಮರಳುವಾಗಲೂ ಸಾಮಾನ್ಯವಾಗಿ 5,359 ಮೀಟರಿನ ಖರ್ದುಂಗ್ ಲಾ ದಾಟಬೇಕು. ಕಾಯಿಲೆ ಬಿದ್ದವರನ್ನು ಆ ದಾರಿಯಲ್ಲಿ ತರುವುದೆಂದರೆ ಮತ್ತೂ ಎತ್ತರಕ್ಕೆ ಒಯ್ದಂತೆ. ಮಕ್ಕಳೂ ಹಿರಿಯರೂ ಇರುವ ಕುಟುಂಬಕ್ಕೆ ಮೊದಲ ರಾತ್ರಿಗಳನ್ನು ಲೇಹ್ ಊರಿನಲ್ಲೇ ಕಳೆಯುವುದು ಹೆಚ್ಚು ಕ್ಷೇಮ.

ಸಮಯವಿದ್ದವರಿಗೆ ಶ್ರೀನಗರದ ರಸ್ತೆ ಉತ್ತಮ. ಬೇಸಿಗೆಯಲ್ಲಿ ತೆರೆದಿರುವ ಆ ದಾರಿಯಲ್ಲಿ ಜೋಜಿ ಲಾ ದಾಟಿ 2,676 ಮೀಟರಿನ ಕಾರ್ಗಿಲ್‌ನಲ್ಲಿ ಒಂದು ರಾತ್ರಿ ತಂಗಬಹುದು. ಮನಾಲಿಯ ದಾರಿ ಹಾಗಲ್ಲ. ಅಲ್ಲಿ ಅನೇಕರು ಸುಮಾರು 4,300 ಮೀಟರ್ ಎತ್ತರದ ಸರ್ಚುವಿನ ಡೇರೆಗಳಲ್ಲಿ ಮಲಗುತ್ತಾರೆ. ಲೇಹ್‌ಗಿಂತಲೂ ಎತ್ತರದ ಆ ರಾತ್ರಿ ಹೊಸಬರಿಗೆ ಕಠಿಣ.

ನಲವತ್ತೆಂಟು ಗಂಟೆ

ಮೊದಲ ದಿನ ಮಲಗಿ, ಕುಳಿತು, ಅಂಗಳದಲ್ಲಿ ನಿಧಾನ ಅಡ್ಡಾಡಿ ಕಳೆಯಬೇಕು. ಬಾಯಾರಿಕೆಗೆ ತಕ್ಕಷ್ಟು ನೀರು, ಹಗುರವಾದ ಊಟ ಸಾಕು. ಮದ್ಯ, ಸಿಗರೇಟು, ನಿದ್ದೆ ಮಾತ್ರೆ ಕೂಡದು, ಇವು ಉಸಿರಾಟವನ್ನೇ ಕೆಡಿಸುತ್ತವೆ. ಎರಡನೇ ದಿನ ಸಮತಟ್ಟಾದ ಪೇಟೆಬೀದಿಯಲ್ಲಿ ಓಡಾಡಬಹುದು. ಹದಿನೇಳನೇ ಶತಮಾನದ ಒಂಬತ್ತು ಅಂತಸ್ತಿನ ಅರಮನೆ, ಶಾಂತಿ ಸ್ತೂಪದ ಸುಮಾರು ಐನೂರು ಮೆಟ್ಟಿಲುಗಳು ಮೂರನೇ ದಿನಕ್ಕಿರಲಿ. ಆಮೇಲೂ ಒಂದು ನಿಯಮವಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದು. ಸುಮಾರು 4,250 ಮೀಟರಿನ ಪಾಂಗಾಂಗ್ ದಡದಲ್ಲಿ ಎರಡನೇ ರಾತ್ರಿ ಮಲಗುವ ಪಟ್ಟಿ ಯಾಕೆ ತಪ್ಪು ಎಂಬುದು ಇದರಿಂದಲೇ ತಿಳಿಯುತ್ತದೆ.

ಅಸೆಟಜೋಲಮೈಡ್ ಎಂಬ ಮಾತ್ರೆ ಮೂತ್ರಪಿಂಡದ ಕೆಲಸವನ್ನು ಚುರುಕುಗೊಳಿಸಿ ಹೊಂದಾಣಿಕೆಗೆ ನೆರವಾಗುತ್ತದೆ. ಇದನ್ನು ಸಾಮಾನ್ಯವಾಗಿ ಹೊರಡುವ ಹಿಂದಿನ ದಿನವೇ ಶುರುಮಾಡುತ್ತಾರೆ. ಸಲ್ಫಾ ಔಷಧ ಒಗ್ಗದವರೂ ಇರುತ್ತಾರೆ, ಹಾಗಾಗಿ ಊರಿನ ವೈದ್ಯರನ್ನು ಕಂಡೇ ತೆಗೆದುಕೊಳ್ಳಬೇಕು. ಹೃದಯ, ಶ್ವಾಸಕೋಶದ ತೊಂದರೆ ಇರುವವರು, ಗರ್ಭಿಣಿಯರು ಟಿಕೆಟ್ಟಿಗೆ ಮುಂಚೆಯೇ ವೈದ್ಯರನ್ನು ಕೇಳಬೇಕು. ಮಗುವಿಗೆ ಶೀತ, ಜ್ವರ, ಕೆಮ್ಮು ಇದ್ದರೆ ಪ್ರವಾಸ ಮುಂದೂಡುವುದೇ ಜಾಣತನ.

ತಲೆನೋವು, ಜೊತೆಗೆ ವಾಕರಿಕೆ, ಸುಸ್ತು, ತಲೆಸುತ್ತು ಕಂಡರೆ ಅದು ಪರ್ವತ ಬೇನೆ ಎಂದೇ ತಿಳಿದು ಅಲ್ಲೇ ನಿಲ್ಲಬೇಕು. ವಿಶ್ರಾಂತಿಯಲ್ಲಿ ಅದು ಒಂದೆರಡು ದಿನಕ್ಕೆ ಇಳಿಯುತ್ತದೆ. ಮಾತು ಬಾರದ ಮಗುವಾದರೆ ಊಟ ಬಿಡುವುದು, ಆಟ ಬಿಡುವುದು, ಸುಮ್ಮನೆ ರಚ್ಚೆ ಹಿಡಿಯುವುದೇ ಗುರುತು. ಆದರೆ ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ನೀಲಿಗಟ್ಟಿದ ತುಟಿ ಕಂಡರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿದೆ ಎಂದರ್ಥ. ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯ ಮೇಲೆ ನಡೆಯಲಾಗದಿದ್ದರೆ, ಮಾತು ತೊದಲಿದರೆ, ಮಿದುಳು ಊದಿಕೊಳ್ಳುತ್ತಿದೆ ಎಂಬ ಶಂಕೆ. ಈ ಎರಡರಲ್ಲೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ತಕ್ಷಣ ಆಮ್ಲಜನಕ, ಆಸ್ಪತ್ರೆ, ಸಾಧ್ಯವಾದಷ್ಟು ಬೇಗ ಕೆಳಗಿನ ಊರು. ಇಂಥ ಸಮಯದಲ್ಲಿ ಒಬ್ಬರನ್ನೇ ಕೋಣೆಯಲ್ಲಿ ಬಿಟ್ಟು ಉಳಿದವರು ಸರೋವರ ನೋಡಲು ಹೋಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಹೊರಡುವ ಮುನ್ನ ಗುಂಪಿನವರೆಲ್ಲ ಕೂತು ಒಂದು ಮಾತು ಮಾಡಿಕೊಳ್ಳಬೇಕು. ತಲೆನೋವೆಂದು ಹೇಳಿದವನನ್ನು ಯಾರೂ ಹಾಸ್ಯ ಮಾಡಕೂಡದು, ಅವನ ದೆಸೆಯಿಂದ ಒಂದು ದಿನ ಹೋದರೆ ಯಾರೂ ಗೊಣಗಕೂಡದು. ಇದಕ್ಕಾಗಿ ಪಟ್ಟಿಯಲ್ಲಿ ಒಂದು ದಿನವನ್ನು ಖಾಲಿ ಬಿಟ್ಟಿರಬೇಕು. ಊರಿನಲ್ಲಿ ಉಳಿದ ಪೋಷಕರಿಗೂ ಒಂದು ಕೆಲಸವಿದೆ. ಮೊದಲ ಎರಡು ದಿನ ಫೋನು ಮಾಡಿದಾಗ ‘ಏನೇನು ನೋಡಿದಿರಿ?’ ಎಂದು ಕೇಳುವ ಬದಲು ‘ತಲೆನೋವಿದೆಯಾ? ಊಟ ಸೇರಿತಾ? ರಾತ್ರಿ ನಿದ್ದೆ ಬಂತಾ?’ ಎಂದು ಕೇಳಬೇಕು. ಏನೂ ನೋಡಲಿಲ್ಲ, ಇಡೀ ದಿನ ಮಲಗಿದ್ದೆವು ಎಂದು ಮಗ ಬೇಸರದಿಂದ ಹೇಳಿದರೆ, ಪ್ರವಾಸ ಸರಿಯಾಗಿ ಶುರುವಾಗಿದೆ ಎಂದು ನೆಮ್ಮದಿಯಿಂದ ಫೋನು ಇಡಬಹುದು.