ಗ್ರಂಥಕ್ಕೂ ಒಂದು ರ‍್ಯಾಂಕೆ?

ನನ್ನ ಪ್ರಬಂಧ ಸಂಕಲನವೊಂದು ಹೋದ ವರ್ಷ ಹೊರಬಂದಿತು. ಅದು ಒಳ್ಳೆಯದೋ ಕೆಟ್ಟದ್ದೋ ಹೇಳತಕ್ಕವನು ನಾನಲ್ಲ. ಆದರೆ ಅಂತರ್ಜಾಲದ ಪುಸ್ತಕದಂಗಡಿಯೊಂದು ಅದರ ಯೋಗ್ಯತೆಯನ್ನು ಆಗಲೇ ಇತ್ಯರ್ಥಮಾಡಿಬಿಟ್ಟಿದೆ: ಮಾರಾಟದ ಪಟ್ಟಿಯಲ್ಲಿ ಅದರ ಸ್ಥಾನ 4,00,000ದ ಆಚೆ! ಇಪ್ಪತ್ತು ವರ್ಷ ಹುಡುಗರಿಗೆ ಅಂಕ ಹಾಕುತ್ತ ಬಂದ ಮೇಷ್ಟರಿಗೆ ತಕ್ಕ ಶಾಸ್ತಿಯಾಯಿತೆಂದು ನಮ್ಮ ಮನೆಯವರು ನಕ್ಕರು. ನಾನೂ ನಕ್ಕೆ. ಮರುದಿನ ಕಾಫಿಗೆ ಮುಂಚೆಯೇ ಮೊಬೈಲು ತೆರೆದು ಅದೇ ಅಂಕಿಯನ್ನು ಹುಡುಕಿದೆನೆಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಒಂದು ಬೆಳಗ್ಗೆ ಅಂಕಿ 50,000ದ ಒಳಕ್ಕೆ ಜಿಗಿದಿತ್ತು. ಕನ್ನಡನಾಡು ಕಡೆಗೂ ಕಣ್ತೆರೆಯಿತೆಂದು ಹಿಗ್ಗಿದೆ. ವಿಚಾರಿಸಲಾಗಿ, ಶಿವಮೊಗ್ಗದ ನನ್ನ ಭಾವಮೈದುನ ಒಂದು ಪ್ರತಿ ತರಿಸಿಕೊಂಡಿದ್ದನಂತೆ! ವಾರ ಕಳೆಯುವಷ್ಟರಲ್ಲಿ ಪುಸ್ತಕ ಮತ್ತೆ ಪಾತಾಳಕ್ಕಿಳಿಯಿತು.

ಈ ಪಟ್ಟಿಯ ಮರ್ಮವೇ ಇದು. ಎಷ್ಟು ಪ್ರತಿ ಮಾರಿತೆಂಬುದನ್ನು ಅದು ಹೇಳುವುದಿಲ್ಲ. ಅದೇ ಅಂಗಡಿಯ ಇತರ ಪುಸ್ತಕಗಳಿಗಿಂತ ಈಚೆಗೆ ಮುಂದೋ ಹಿಂದೋ ಎಂದಷ್ಟೆ ಹೇಳುತ್ತದೆ. ತಳದಲ್ಲಿ, ಮಾರಾಟವೇ ಇಲ್ಲದ ಪುಸ್ತಕಗಳ ಸಂತೆಯಲ್ಲಿ, ಒಂದೇ ಪ್ರತಿ ಹೋದರೂ ಸಾವಿರಾರು ಮೆಟ್ಟಿಲು ಹಾರಿದಂತಾಗುತ್ತದೆ. ಇಂಗ್ಲಿಷಿನ ಪರೀಕ್ಷಾ ಗೈಡೂ ಕನ್ನಡದ ಕವನಸಂಕಲನವೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಗಾಂಧಿಬಜಾರಿನಲ್ಲಿ, ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಬಿಕರಿಯಾದದ್ದು ಇದರ ಲೆಕ್ಕಕ್ಕಿಲ್ಲ. ಗ್ರಂಥಾಲಯದ ಒಂದೇ ಪ್ರತಿಯನ್ನು ನಲವತ್ತು ಮಂದಿ ಓದಿದರೆ ಅದೂ ಇಲ್ಲ.

ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಮಾರಾಟವಲ್ಲವಾದ್ದರಿಂದ ಈ ಪಟ್ಟಿಯಲ್ಲಿ ಪೊನ್ನನ ಸ್ಥಾನ ಸೊನ್ನೆ! ಗಳಗನಾಥರು ಪುಸ್ತಕಗಳ ಹೊರೆ ಹೊತ್ತು ಊರೂರು ತಿರುಗಿ ಓದುಗರನ್ನು ಸಂಪಾದಿಸಿದರು. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ಬೆಳೆಯಿತು. ಕನ್ನಡ ಗ್ರಂಥ ಉಳಿದುಬಂದದ್ದು ಇಂಥ ನಂಬಿಕೆಯಿಂದಲೇ ಹೊರತು ಗಳಿಗೆಗೊಂದು ಬಣ್ಣ ತಾಳುವ ಅಂಕಿಯಿಂದಲ್ಲ.

ಅಂಗಡಿಯ ಮೇಲೆ ನನಗೆ ಹಗೆಯಿಲ್ಲ. ಪುಸ್ತಕದಂಗಡಿಯೇ ಇಲ್ಲದ ಊರಿನ ಬಾಗಿಲಿಗೂ ಅದು ಕನ್ನಡ ಪುಸ್ತಕವನ್ನು ಮುಟ್ಟಿಸುತ್ತದೆ. ಆ ಉಪಕಾರ ದೊಡ್ಡದು. ನನ್ನ ತಕರಾರು ಆ ಅಂಕಿಗೆ ತಲೆಬಾಗುವ ನಮ್ಮವರ ಮೇಲೆ. ಎರಡನೆಯ ಹಸ್ತಪ್ರತಿಯನ್ನು ಪ್ರಕಾಶಕರೊಬ್ಬರಿಗೆ ಕೊಟ್ಟಿದ್ದೆ. ತಿಂಗಳಾದ ಮೇಲೆ ಫೋನು ಬಂತು.

“ಸಾರ್, ನಿಮ್ಮ ಹಿಂದಿನ ಪುಸ್ತಕದ ರ‍್ಯಾಂಕು ನೋಡಿದೆ. ಕಷ್ಟ ಸಾರ್.”

“ಹಸ್ತಪ್ರತಿ ಓದಿದಿರಾ?”

“ಓದೋಕ್ಕೆ ಪುರುಸೊತ್ತೆಲ್ಲಿ ಸಾರ್!”

ನನ್ನದು ಹೋಗಲಿ, ನನಗೆ ತಿಂಗಳ ಸಂಬಳವಿದೆ. ಹಳ್ಳಿಯಲ್ಲಿ ಕುಳಿತು ಮೊದಲ ಕಥಾಸಂಕಲನ ತಂದ ಹುಡುಗಿಯೊಬ್ಬಳಿಗೆ ಇದೇ ಉತ್ತರ ಸಿಕ್ಕರೆ ಅವಳು ಮತ್ತೆ ಬರೆದಾಳೆ? ಪುಸ್ತಕ ಮಾರುವವನು ಲೆಕ್ಕವಿಡಲಿ. ಅಚ್ಚುಹಾಕಿಸುವವನೂ ಓದದೆ ಲೆಕ್ಕವನ್ನಷ್ಟೆ ನೋಡಿದರೆ ಸಾಹಿತ್ಯಕ್ಕೆ ಗತಿಯೇನು? ಪ್ರಕಾಶಕ ಮಹಾಶಯರೆ, ನಿರಾಕರಿಸುವ ಅಧಿಕಾರ ನಿಮಗುಂಟು. ಹತ್ತು ಪುಟವನ್ನಾದರೂ ಓದಿ ನಿರಾಕರಿಸಿ.

ಅಂದಹಾಗೆ, ಭಾವಮೈದುನ ಮೊನ್ನೆ ಬಂದಿದ್ದ. ಮೂರನೆಯ ಪ್ರಬಂಧದಲ್ಲಿ ಎರಡು ತಪ್ಪು ತೋರಿಸಿ ರಾತ್ರಿ ಹನ್ನೊಂದರವರೆಗೆ ಜಗಳವಾಡಿದ. ಅಂದಿನಿಂದ ನಾನು ಆ ಪಟ್ಟಿಯನ್ನು ನೋಡಿಲ್ಲ.