ಮಾಡು ಏರುವ ಪ್ರಾಯ ಕಳೆದ ಮೇಲೆ



ಕೇರಳದ ಕರಾವಳಿಗೆ ಮುಂಗಾರು ಮುಟ್ಟುವ ದಿನವೆಂದು ಲೆಕ್ಕವಿರುವುದು ಜೂನ್ 1. ಅದಕ್ಕೆ ಮೊದಲು, ಪತ್ತನಾಜೆ ಕಳೆಯುವುದರೊಳಗೆ, ಮಾಡಿನ ಹಂಚನ್ನೆಲ್ಲ ನೋಡಿ, ಒಡೆದದ್ದನ್ನು ತೆಗೆದು, ಜಾರಿದ್ದನ್ನು ಕೂಡಿಸಿ, ಕಸ ಗುಡಿಸಿ ಇಡುವುದು ಕಾಸರಗೋಡು, ಮಂಜೇಶ್ವರದ ಕಡೆಯ ವಾಡಿಕೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರುಗಳಿವು. ಈ ಕೆಲಸ ತಪ್ಪಿಸಿದ ಮನೆಯವರಿಗೆ ಆಟಿ ತಿಂಗಳಲ್ಲಿ ನಿದ್ದೆಯಿಲ್ಲ. ಬಾಲ್ದಿ, ಕೊಡಪಾನ, ಅನ್ನದ ಪಾತ್ರೆ ಎಲ್ಲವೂ ಸೋರುವ ಜಾಗಕ್ಕೆ ಬಂದು ಕೂಡುತ್ತವೆ.

ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ನಾವು ಇಲ್ಲಿ ಕೇಳಬೇಕೆಂದಿರುವುದು ಬೇರೆ. ಮಾಡಿಗೆ ಏರುವವರು ಯಾರು? ನಮ್ಮ ಮನೆಗಳನ್ನು ಒಂದು ಸುತ್ತು ನೋಡಿ ಬಂದರೆ ಉತ್ತರ ಸಿಗುತ್ತದೆ. ಅರುವತ್ತೈದು, ಎಪ್ಪತ್ತು ದಾಟಿದ ಯಜಮಾನನೇ ಏಣಿಯನ್ನು ಗೋಡೆಗೆ ಒರಗಿಸಿ ಏರುತ್ತಾನೆ. ಕೆಳಗೆ ಏಣಿ ಹಿಡಿದು ನಿಲ್ಲುವವಳು ಹೆಚ್ಚುಕಡಿಮೆ ಅವನಷ್ಟೇ ಪ್ರಾಯದ ಹೆಂಡತಿ. ಇದು ನಿಲ್ಲಬೇಕು ಎಂಬದು ನಮ್ಮ ಅಭಿಪ್ರಾಯ. ಹಾಗೆಂದು ಮಾಡಿನ ಕೆಲಸವೂ ನಿಲ್ಲಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಆ ಒಂದು ಮನೆಯ ಚಿಂತೆ ಮಾತ್ರವಲ್ಲ, ಕಾರ್ಮಿಕರಾದ ನಮ್ಮೆಲ್ಲರ ಚಿಂತೆಯಾಗಬೇಕು.

ನಮ್ಮ ಜನರಿಗೂ ಹಂಚಿಗೂ ಹಳೆಯ ಸಂಬಂಧವಿದೆ. 1865ರಲ್ಲಿ ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮುಂದೆ ಕಲ್ಲಿಕೋಟೆ, ಫರೋಕಿನವರೆಗೂ ಇಂಥ ಕಾರ್ಖಾನೆಗಳಾದವು. ಮಣ್ಣು ಹದ ಮಾಡಿದವರು, ಅಚ್ಚು ಒತ್ತಿದವರು, ಭಟ್ಟಿ ತುಂಬಿಸಿದವರು ನಮ್ಮ ಅನೇಕ ಮನೆಗಳ ಅಜ್ಜ ಅಜ್ಜಿಯರು. ಉಳಿದವರು ಬೀಡಿ ಕಟ್ಟಿದರು, ಕೆಂಪುಕಲ್ಲಿನ ಕೋರೆಯಲ್ಲಿ ದುಡಿದರು, ಊರವರ ಮನೆಗಳಿಗೆ ಗೋಡೆ ಎಬ್ಬಿಸಿದರು. ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ಹಣದಿಂದ ಐದು ಸೆಂಟ್ಸು, ಹತ್ತು ಸೆಂಟ್ಸು ಜಾಗದಲ್ಲಿ ತಮಗೂ ಒಂದು ಹಂಚಿನ ಮನೆ ಕಟ್ಟಿಕೊಂಡರು. ಆ ಮನೆಗಳಿಗೆ ಈಗ ನಾಲ್ವತ್ತು, ಐವತ್ತು ವರ್ಷ. ಕಟ್ಟಿದವನಿಗೆ ಮೊಣಕಾಲು ನೋಯುವ ಹೊತ್ತಿಗೆ ಮನೆಗೂ ಪಕ್ಕಾಸು ಬಾಗುತ್ತದೆ. ಮನೆಗೆ ಹೆಚ್ಚು ಆರೈಕೆ ಬೇಕಾದ ಕಾಲ ಮತ್ತು ಆರೈಕೆ ಮಾಡುವ ಕೈ ಸೋಲುವ ಕಾಲ ಒಟ್ಟಿಗೆ ಬರುತ್ತದೆ.

ಹಂಚಿನ ಮನೆ ಒಂದೇ ದಿನದಲ್ಲಿ ಬೀಳುವುದಿಲ್ಲ. ಮಂಗಳೂರು ಹಂಚು ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕುಳಿತು ನೀರನ್ನು ಕೆಳಗೆ ದಾಟಿಸುತ್ತದೆ. ಗಾಳಿಗೋ, ಬೆಕ್ಕು ಮಂಗಗಳ ಓಡಾಟಕ್ಕೋ ಒಂದು ಹಂಚು ನಾಲ್ಕು ಬೆರಳು ಜಾರಿದರೆ ನೀರು ಮೊದಲು ರೀಪನ್ನು ನೆನೆಸುತ್ತದೆ. ಒದ್ದೆಯಾದ ಮರ ಕುಂಬಾಗುತ್ತದೆ, ಗೆದ್ದಲು ಅದನ್ನು ಹುಡುಕಿ ಬರುತ್ತದೆ. ರೀಪು ಹೋದ ಮೇಲೆ ಪಕ್ಕಾಸು, ಪಕ್ಕಾಸಿನಿಂದ ಗೋಡೆಯ ತಲೆ. ಗಾರೆ ಕಾಣದ ಕೆಂಪುಕಲ್ಲಿನ ಗೋಡೆ ನೀರು ಕುಡಿದು ಮೆತ್ತಗಾಗುತ್ತದೆ. ಮೊದಲನೆಯ ವರ್ಷ ಒಂದು ಹಂಚಿನ ಬೆಲೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ನಾಲ್ಕನೆಯ ವರ್ಷ ಆಚಾರಿ, ಮೇಸ್ತ್ರಿ ಇಬ್ಬರೂ ಬೇಕು, ಮರವೂ ಬೇಕು. ಆದದರಿಂದ ಸಣ್ಣ ಕೆಲಸವನ್ನು ಮುಂದಿನ ವರ್ಷಕ್ಕೆ ಹಾಕುವುದು ಬಡವನಿಗೆ ಮಿತವ್ಯಯವಲ್ಲ, ಅದೇ ದೊಡ್ಡ ಖರ್ಚು.

ಈ ಲೆಕ್ಕ ಗೊತ್ತಿರುವುದರಿಂದಲೇ ಹಿರಿಯರು ಏಣಿ ಏರುತ್ತಾರೆ. ಅವರನ್ನು ಹಟಮಾರಿಗಳೆಂದು ಬೈದು ಪ್ರಯೋಜನವಿಲ್ಲ. ನಾಲ್ಕು ಹಂಚು ಬದಲಿಸುವ ಅರ್ಧ ದಿನದ ಕೆಲಸಕ್ಕೆ ಬರುತ್ತೇನೆ ಎನ್ನುವ ಮೇಸ್ತ್ರಿ ಮೂರು ವಾರ ಬರುವುದಿಲ್ಲ. ಅವನದು ತಪ್ಪೆನ್ನಲಾಗದು, ತಿಂಗಳುಗಟ್ಟಲೆ ಕೆಲಸವಿರುವ ಹೊಸ ಕಟ್ಟಡವನ್ನು ಬಿಟ್ಟು ಬಂದರೆ ಅವನ ಹೊಟ್ಟೆಪಾಡು ಕೆಡುತ್ತದೆ. ಮಕ್ಕಳು ಕೊಲ್ಲಿ ದೇಶದಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಇನ್ನು ಹಣದ ಮಾತು. ಕಾರ್ಖಾನೆಯಲ್ಲಿ ದುಡಿದವರ ಭವಿಷ್ಯನಿಧಿ ಪಿಂಚಣಿಯ ಕನಿಷ್ಠ ಮೊತ್ತ 2014ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಯಿತು. ನುರಿತ ಕೆಲಸಗಾರನ ಒಂದು ದಿನದ ಕೂಲಿಗೇ ಅದು ಸರಿಹೋಗುತ್ತದೆ. ಇದೆಲ್ಲದರ ಮೇಲೆ ಮಾನದ ಪ್ರಶ್ನೆ. ಜೀವಮಾನವಿಡೀ ಇತರರ ಮನೆ ಕಟ್ಟಿದವನು ತನ್ನ ಮನೆಯ ಹಂಚಿಗೆ ಇನ್ನೊಬ್ಬರನ್ನು ಕರೆಯುವುದು ಹೇಗೆ?

ಆದರೆ ದೇಹಕ್ಕೆ ಈ ಮಾನ ತಿಳಿಯದು. ಪ್ರಾಯ ಕಳೆದಂತೆ ಎಲುಬು ತೆಳುವಾಗುತ್ತದೆ, ಕಾಲಿನ ಹಿಡಿತ ತಪ್ಪುತ್ತದೆ, ಕಣ್ಣಿಗೆ ಮೆಟ್ಟಿಲಿನ ಅಂದಾಜು ಸಿಗುವುದಿಲ್ಲ. ರಕ್ತದೊತ್ತಡದ ಮಾತ್ರೆ ತಿನ್ನುವ ಕೆಲವರಿಗೆ ಬಗ್ಗಿ ಎದ್ದಾಗ ತಲೆ ತಿರುಗುವುದುಂಟು. ಹಂಚು ಒಂದೊಂದೂ ಎರಡು ಮೂರು ಕಿಲೋ ತೂಗುತ್ತದೆ, ಅದನ್ನು ಕೈಯಲ್ಲಿ ಹಿಡಿದು ಪಾಚಿ ಕಟ್ಟಿದ ಇಳಿಜಾರಿನಲ್ಲಿ ತಿರುಗಬೇಕು. ಬಿದ್ದು ಸೊಂಟದ ಎಲುಬು ಮುರಿದರೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಹಾಸಿಗೆ. ಎಷ್ಟೋ ಮಂದಿ ಮತ್ತೆ ಮೊದಲಿನಂತೆ ನಡೆದದ್ದಿಲ್ಲ. ಏಣಿ ಹಿಡಿದು ನಿಂತಿದ್ದ ಹೆಂಡತಿ ಅಂದಿನಿಂದ ದಾದಿಯಾಗಬೇಕು. ಒಂದು ದಿನದ ಕೂಲಿ ಉಳಿಸಲು ಹೋಗಿ ಮನೆಯನ್ನೇ ಮಾರುವ ಸ್ಥಿತಿ ಬರಬಾರದು.

ಹಾಗಾದರೆ ಏನು ಮಾಡತಕ್ಕದ್ದು? ನಾವು ಮೂರು ಸಂಗತಿಗಳನ್ನು ಮುಂದಿಡುತ್ತೇವೆ.

ಮೊದಲನೆಯದು, ಇನ್ನೂ ಕೆಲಸದಲ್ಲಿರುವವರಿಗೆ. ಐವತ್ತು ಕಳೆದವರು ಮನೆಯ ದೊಡ್ಡ ಕೆಲಸಗಳನ್ನು ನಿವೃತ್ತಿಯ ನಂತರಕ್ಕೆ ಇಟ್ಟುಕೊಳ್ಳಬಾರದು. ಭವಿಷ್ಯನಿಧಿಯಿಂದ ಮನೆ ಕಟ್ಟುವುದಕ್ಕೆ ಮಾತ್ರವಲ್ಲ, ಇರುವ ಮನೆಯ ದುರಸ್ತಿಗೂ ಕೆಲಸದಲ್ಲಿರುವಾಗಲೇ ಹಣ ತೆಗೆಯಲು ಅವಕಾಶವಿದೆ. ಕುಂಬಾದ ಪಕ್ಕಾಸುಗಳನ್ನು ಬದಲಿಸುವುದು, ಹಳೆಯ ವಯರಿಂಗನ್ನು ತೆಗೆದು ಹೊಸತು ಮಾಡಿಸುವುದು, ಹೊರಗಿರುವ ಪಾಯಿಖಾನೆಯನ್ನು ಮನೆಗೆ ತಾಗಿಸಿ ಕೂರುವ ಕಮೋಡು ಇಡುವುದು, ಇವು ಕೈಗೆ ಸಂಬಳ ಬರುತ್ತಿರುವಾಗ ಆಗಬೇಕಾದ ಕೆಲಸಗಳು. ವಯರಿಂಗ್ ಮಾಡಿಸುವಾಗ 30 ಮಿಲಿ ಆಂಪಿಯರ್ ಸೋರಿದ ಕೂಡಲೇ ಕರೆಂಟು ಕಡಿಯುವ ಉಪಕರಣವನ್ನು ಹಾಕಿಸಲೇಬೇಕು. ಮಳೆಗಾಲದ ಒದ್ದೆ ಗೋಡೆಯಲ್ಲಿ ಅದು ಜೀವ ಉಳಿಸುತ್ತದೆ. ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು, ಬಾವಿಕಟ್ಟೆಯ ದಾರಿಗೆ ಒಂದು ದೀಪ, ಅಂಗಳದ ಪಾಚಿ ತೆಗೆಸುವುದು, ಇವಕ್ಕೆ ಹೆಚ್ಚು ಹಣ ಬೇಡ. ಹತ್ತಿರದಲ್ಲಿ ಯಾರಾದರೂ ಹಳೆ ಮನೆ ಕೆಡವಿದರೆ ನಿಮ್ಮ ಮಾಡಿನ ಕಾರ್ಖಾನೆಯದ್ದೇ ಮುದ್ರೆಯಿರುವ ಹಂಚು ಒಂದೈವತ್ತು ಕೇಳಿ ತಂದಿಡಿ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿಹೋಗಿವೆ, ಒಂದರ ಅಚ್ಚಿನ ಹಂಚು ಇನ್ನೊಂದಕ್ಕೆ ಸರಿಯಾಗಿ ಕೂಡುವುದಿಲ್ಲ.

ಎರಡನೆಯದು, ನಮ್ಮ ಕೂಟದವರು ಸೇರಿ ಮಾಡಬಹುದಾದದ್ದು. ಒಂದು ಮನೆಯ ನಾಲ್ಕು ಹಂಚಿಗೆ ಯಾರೂ ಬರುವುದಿಲ್ಲ. ಆದರೆ ಒಂದೇ ಓಣಿಯ ಆರು ಮನೆಗಳ ಕೆಲಸವನ್ನು ಒಟ್ಟು ಮಾಡಿದರೆ ಅದು ಇಬ್ಬರಿಗೆ ಎರಡು ದಿನದ ಪೂರ್ಣ ಕೆಲಸ. ಪ್ರತಿ ವರ್ಷ ಎಪ್ರಿಲ್ ತಿಂಗಳಲ್ಲಿ ಒಬ್ಬರು ಪುಸ್ತಕ ಹಿಡಿದು ಹಿರಿಯರ ಮನೆಗಳಿಗೆ ಹೋಗಲಿ. ಎಷ್ಟು ಹಂಚು, ಯಾವ ಮೂಲೆ, ಎಲ್ಲಿ ಸೋರಿತು, ನಲ್ಲಿಯೋ ಬಲ್ಬೋ ಬಾಗಿಲ ಚಿಲಕವೋ ಎಂದು ಬರೆದುಕೊಳ್ಳಲಿ. ಮೇಸ್ತ್ರಿಗೆ ಎರಡು ದಿನವನ್ನು ಮೊದಲೇ ಹೇಳಿಡಲಿ. ಕೊಡಲು ಸಾಧ್ಯವಿರುವ ಮನೆಯವರು ತಮ್ಮ ಪಾಲಿನ ಕೂಲಿ ಕೊಡಲಿ. ಸಾಧ್ಯವಿಲ್ಲದವರದ್ದನ್ನು ಕೂಟದ ಪೆಟ್ಟಿಗೆಯಿಂದ, ಯಾರದೆಂದು ಹೇಳದೆ, ಕೊಡಬಹುದು.

ಇಲ್ಲಿ ಕೆಲವರು ಕೇಳಬಹುದು: ನಮ್ಮಲ್ಲೇ ಮೇಸ್ತ್ರಿಗಳಿದ್ದಾರಲ್ಲ, ಪುಣ್ಯದ ಕೆಲಸವೆಂದು ಸುಮ್ಮನೆ ಮಾಡಿಕೊಡಲಾಗದೇ? ನಾವು ಇದನ್ನು ಒಪ್ಪುವುದಿಲ್ಲ. ಯಾರಾದರೂ ತಾನಾಗಿ ಮಾಡಿದರೆ ಸಂತೋಷ. ಆದರೆ ದಿನಗೂಲಿಯವನ ಒಂದು ದಿನವನ್ನು ಬಿಟ್ಟಿಯಾಗಿ ಕೇಳುವ ಹಕ್ಕು ನಮಗಿಲ್ಲ. ಕಚೇರಿ ಕೆಲಸದವನಿಂದ ಒಂದು ದಿನದ ಸಂಬಳವನ್ನು ನಾವು ಹಾಗೆ ಕೇಳುತ್ತೇವೆಯೇ? ಕೂಲಿ ಕೊಟ್ಟು ಮಾಡಿಸಿದರೆ ಹಿರಿಯರಿಗೂ ಇದು ಸರಿಯಿಲ್ಲ, ಅದನ್ನು ಹೀಗೆ ಮಾಡು ಎಂದು ಹೇಳಲು ಬಾಯಿ ಇರುತ್ತದೆ. ಬಿಟ್ಟಿ ಕೆಲಸಕ್ಕೆ ಆ ಬಾಯಿ ಇರುವುದಿಲ್ಲ. ಇನ್ನೊಂದು ಮಾತು. ನಮ್ಮ ಹಿರಿಯರು ಏರಬಾರದೆಂದು ಹೇಳುವಾಗ ಇನ್ನೊಬ್ಬರ ಮಗನನ್ನು ನಾವು ಏರಿಸುತ್ತಿದ್ದೇವೆ. ಈಗ ಈ ಕೆಲಸಕ್ಕೆ ಬರುವವರಲ್ಲಿ ಬಂಗಾಳ, ಒಡಿಶಾ, ಅಸ್ಸಾಮಿನ ಹುಡುಗರೂ ಇದ್ದಾರೆ, ಹಂಚಿನ ಮಾಡಿನಲ್ಲಿ ಕಾಲಿಡುವ ಕ್ರಮ ಎಲ್ಲರಿಗೂ ಗೊತ್ತಿರುವುದಿಲ್ಲ. ಎಲ್ಲಿ ರೀಪು ಗಟ್ಟಿ, ಎಲ್ಲಿ ಕುಂಬು ಎಂದು ಕೆಳಗಿನಿಂದ ಹೇಳಿಕೊಡುವ ಕೆಲಸ ಮನೆಯ ಹಿರಿಯನದು. ಸೊಂಟಕ್ಕೆ ಹಗ್ಗ, ಗಟ್ಟಿ ಏಣಿ, ಹೊತ್ತಿಗೆ ಸರಿಯಾದ ಊಟ, ಮಳೆ ಹನಿಯುವಾಗ ಕೆಲಸ ನಿಲ್ಲಿಸುವುದು, ಇಷ್ಟನ್ನು ನಾವು ಕಾರ್ಮಿಕರೇ ಕೊಡದಿದ್ದರೆ ಬೇರೆ ಯಾರಿಂದ ಕೇಳೋಣ?

ಮೂರನೆಯದು, ಸರಕಾರದಿಂದ ಬರಬೇಕಾದದ್ದು. ಹೊಸ ಮನೆ ಕಟ್ಟುವುದಕ್ಕೆ ಯೋಜನೆಗಳಿರುವುದು ಎಲ್ಲರಿಗೂ ಗೊತ್ತು. ಹಳೆ ಮನೆ ಉಳಿಸುವುದಕ್ಕೂ ಕೆಲವು ಇವೆ ಎಂಬದು ಅನೇಕರಿಗೆ ಗೊತ್ತಿಲ್ಲ. ಕೇರಳದ ಪಂಚಾಯತುಗಳು ತಮ್ಮ ವಾರ್ಷಿಕ ಯೋಜನೆಯಲ್ಲಿ ಮನೆ ದುರಸ್ತಿಗೆ ಧನಸಹಾಯ ಸೇರಿಸುವುದುಂಟು, ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ಆಗುತ್ತದೆ. ಅಲ್ಪಸಂಖ್ಯಾತ ಸಮುದಾಯಗಳ ವಿಧವೆಯರಿಗೂ ಗಂಡನಿಂದ ಬೇರ್ಪಟ್ಟ ಸ್ತ್ರೀಯರಿಗೂ ಮನೆ ದುರಸ್ತಿಗೆ 50,000 ರೂಪಾಯಿ ಕೊಡುವ, ಹಿಂದಿರುಗಿಸಬೇಕಾಗಿಲ್ಲದ, ಇಂಬಿಚ್ಚಿ ಬಾವ ಯೋಜನೆ ನಡೆದುಬಂದಿದೆ. ಅರ್ಜಿ ಕರೆದಾಗ ನಮ್ಮ ಸಹೋದರಿಯರ ಅರ್ಜಿ ಅಲ್ಲಿ ಇರಬೇಕು. ಹೆಚ್ಚಿನವರು ಹೆದರುವುದು ಮಲಯಾಳದ ಫಾರ್ಮಿಗೆ. ಕನ್ನಡ ಶಾಲೆಯಲ್ಲಿ ಕಲಿತ ಎಪ್ಪತ್ತರ ಅಜ್ಜಿಗೆ ಅದನ್ನು ಓದಲಾಗದು, ಓದಿ ಹೇಳಲು ಕೇಳುವುದಕ್ಕೆ ನಾಚಿಕೆ. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಯಲ್ಲೇ ಇದೆ. ಆ ಹಕ್ಕನ್ನು ಕೇಳೋಣ. ಅದು ದೊರಕುವವರೆಗೆ ಮಲಯಾಳ ಕಲಿತ ನಮ್ಮ ಮಕ್ಕಳು ಒಂದು ಆದಿತ್ಯವಾರ ಮಧ್ಯಾಹ್ನ ಕುಳಿತು ಹಿರಿಯರ ಅರ್ಜಿ ತುಂಬಿಸಲಿ.

ದೂರದಲ್ಲಿರುವ ಮಕ್ಕಳಿಗೂ ಒಂದು ಮಾತು ಹೇಳಬೇಕಾಗಿದೆ. ಹಳೆ ಮನೆ ಯಾಕೆ, ನಮ್ಮ ಫ್ಲ್ಯಾಟಿಗೆ ಬನ್ನಿ ಎಂದು ನೀವು ಪ್ರೀತಿಯಿಂದ ಕರೆಯುತ್ತೀರಿ. ಕೆಲವರು ಹೋಗುತ್ತಾರೆ, ಅದು ಒಳ್ಳೆಯದೇ. ಆದರೆ ಬಾವಿಯ ನೀರು, ನೆರೆಯ ಮಾತು, ತಿಳಿದ ದಾರಿ ಬಿಟ್ಟು ಬರಲು ಮನಸ್ಸಿಲ್ಲದವರನ್ನು ಮನೆ ಸೋರುವುದೆಂಬ ಕಾರಣಕ್ಕೆ ಎಬ್ಬಿಸಬೇಡಿರಿ. ಕೆಡವಿ ಕಾಂಕ್ರೀಟು ಹಾಕಿಸಿದರೆ ಚಿಂತೆ ಮುಗಿಯಿತೆಂದು ಎಣಿಸಲೂಬೇಡಿರಿ. ಕಡಲ ಹತ್ತಿರದ ಉಪ್ಪು ಗಾಳಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ತುಂಡು ತುಂಡಾಗಿ ಉದುರುವುದನ್ನು ಈ ಕಡೆಯವರು ನೋಡಿದ್ದಾರೆ. ತಾರಸಿಯ ಓಟೆಯಲ್ಲಿ ಎಲೆ ಕಟ್ಟಿದರೆ ಅದನ್ನು ತೆಗೆಯಲು ಅಲ್ಲಿಗೂ ಒಬ್ಬರು ಏರಲೇಬೇಕು. ನಿಮ್ಮ ತಂದೆತಾಯಿಗೆ ವರ್ಷಕ್ಕೊಮ್ಮೆ ಎಪ್ರಿಲಿನಲ್ಲಿ ಮನೆಯ ಕೆಲಸಕ್ಕೆಂದೇ ಒಂದಿಷ್ಟು ಹಣ ಬೇರೆಯಾಗಿ ಕಳುಹಿಸಿರಿ, ಔಷಧಿಯ ಹಣದೊಂದಿಗೆ ಅದನ್ನು ಸೇರಿಸಬೇಡಿರಿ. ಸೇರಿಸಿದರೆ ಅವರು ಹಂಚಿಗೆ ಖರ್ಚು ಮಾಡಲಾರರು.

ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಡಲು ಹೊರಟಿರುವ ಹಿರಿಯರೂ ಸ್ವಲ್ಪ ನಿಲ್ಲಲಿ. 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪಾಲನಾ ಕಾಯಿದೆ ಪಾಲನೆ ಎಂಬ ಮಾತಿನಲ್ಲಿ ಊಟ, ಬಟ್ಟೆ, ಚಿಕಿತ್ಸೆಯೊಂದಿಗೆ ವಾಸಸ್ಥಾನವನ್ನೂ ಸೇರಿಸಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ಅಸಿಂಧುಗೊಳಿಸಲು 23ನೇ ಕಲಮಿನಲ್ಲಿ ದಾರಿಯಿದೆ. ಆದಕಾರಣ ಷರತ್ತು ಬಾಯಿಮಾತಿನಲ್ಲಿ ನಿಲ್ಲದೆ ಪತ್ರದಲ್ಲೇ ಬರೆದಿರಲಿ. ಮಕ್ಕಳ ಮೇಲೆ ಸಂಶಯದಿಂದ ಹೀಗೆ ಹೇಳುತ್ತಿಲ್ಲ. ಪತ್ರ ಒಬ್ಬರ ಕೈಯಲ್ಲಿ, ಸೋರುವ ಮಾಡು ಇನ್ನೊಬ್ಬರ ತಲೆಯ ಮೇಲೆ ಎಂದಾದಾಗ ದುರಸ್ತಿ ಮಾಡಿಸುವವರು ಯಾರು ಎಂಬದು ಮೊದಲೇ ಸ್ಪಷ್ಟವಿದ್ದರೆ ಸಂಬಂಧವೂ ಉಳಿಯುತ್ತದೆ.

ಕಡೆಯದಾಗಿ, ಇದನ್ನು ಹೇಗೆ ಹೇಳುವುದು ಎಂಬ ವಿಚಾರ. ನಿಮಗೆ ಪ್ರಾಯವಾಯಿತು ಎಂದರೆ ಯಾವ ಹಿರಿಯನೂ ಏಣಿಯಿಂದ ಇಳಿಯುವುದಿಲ್ಲ. ಮಾಮಾ, ಈ ವರ್ಷ ಆರು ಮನೆಯ ಕೆಲಸ ಒಟ್ಟಿಗೆ ಮಾಡಿಸುತ್ತಿದ್ದೇವೆ, ಹುಡುಗರಿಗೆ ಗೊತ್ತಾಗುವುದಿಲ್ಲ, ನೀವು ಕೆಳಗೆ ನಿಂತು ತೋರಿಸಬೇಕು ಎಂದರೆ ಬರುತ್ತಾರೆ. ಅದು ಬರಿಯ ಉಪಾಯದ ಮಾತಲ್ಲ, ಸತ್ಯವೇ ಆಗಿದೆ. ಹಂಚು ಕೂಡಿಸುವ ಕ್ರಮವನ್ನು ತಿಳಿದವರು ನಮ್ಮಲ್ಲಿ ಅವರೇ, ಅವರ ನಂತರ ಅದನ್ನು ಹೇಳಿಕೊಡುವವರು ವಿರಳ. ಎಪ್ರಿಲ್ ತಿಂಗಳ ಮೊದಲನೆಯ ಕೂಟದಲ್ಲಿ ಪ್ರತಿ ಓಣಿಗೆ ಒಬ್ಬರ ಹೆಸರನ್ನು ನಿಶ್ಚಯಿಸಿ ಪುಸ್ತಕವನ್ನು ಅವರ ಕೈಗೆ ಕೊಡೋಣ. ಒಂಟಿಯಾಗಿರುವ ವಿಧವೆಯರ ಮನೆಗಳಿಂದ ಪಟ್ಟಿ ಆರಂಭವಾಗಲಿ.