ತಾನೇ ತಿದ್ದಿಕೊಳ್ಳುವ ಗಡಿಯಾರ ಮತ್ತು ಆಂಧ್ರದ ಗೋಡೆ

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಹೋಗುವವರು ಅನ್ನವರಂ ದಾಟಿ ತುನಿ ತಲುಪುವಷ್ಟರಲ್ಲಿ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಹಾದುಹೋಗಿರುತ್ತಾರೆ. ಭಾರತೀಯ ಕಾಲಮಾನ ನಿಂತಿರುವುದು ಈ ಗೆರೆಯ ಮೇಲೆ. ಸೂರ್ಯನ ಲೆಕ್ಕ ಹಿಡಿದರೆ ವಿಜಯವಾಡ ಆ ಕಾಲಮಾನಕ್ಕಿಂತ ಸುಮಾರು ಏಳೂವರೆ ನಿಮಿಷ ಹಿಂದೆ, ವಿಶಾಖಪಟ್ಟಣ ಮೂರು ನಿಮಿಷ ಮುಂದೆ. ದೇಶದ ಗಡಿಯಾರಕ್ಕೆ ಇಷ್ಟು ಸಮೀಪದ ಈ ಎರಡು ಊರುಗಳ ಮನೆಗಳಿಗೆ, ರೇಡಿಯೊ ಅಲೆ ಹಿಡಿದು ತಾನೇ ವೇಳೆ ಸರಿಪಡಿಸಿಕೊಳ್ಳುವ ಗೋಡೆ ಗಡಿಯಾರ ಬೇಕೆ, ಬೇಡವೆ? ಪ್ರಶ್ನೆ ಚಿಕ್ಕದು, ಎರಡೂ ಕಡೆಯ ವಾದಗಳಲ್ಲಿ ಮಾತ್ರ ಹುರುಳಿದೆ.

ಪರವಾಗಿ ಮಾತನಾಡುವವರ ಮೊದಲ ಕಾರಣ ಶೋಕಿಯದಲ್ಲ. ಸಾಧಾರಣ ಕ್ವಾರ್ಟ್ಜ್ ಗಡಿಯಾರದೊಳಗಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಅದನ್ನು ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೊಂದಿಸಿರುತ್ತಾರೆ; ಅದಕ್ಕಿಂತ ಸೆಕೆಯಾದರೂ ಚಳಿಯಾದರೂ ಕಂಪನ ನಿಧಾನವಾಗುತ್ತದೆ. ಮೇ ತಿಂಗಳ ವಿಜಯವಾಡದಲ್ಲಿ, ಹೊರಗೆ 40 ದಾಟಿ ಒಳಗೋಡೆ 38 ಡಿಗ್ರಿಗೆ ಕಾದಿರುವಾಗ, ಶಾಖದ ಕಾರಣವೊಂದರಿಂದಲೇ ದಿನಕ್ಕೆ ಅರ್ಧ ಸೆಕೆಂಡು, ತಿಂಗಳಿಗೆ ಹದಿನೈದು ಸೆಕೆಂಡು ಹಿಂದೆ ಬೀಳುವುದು ಸಹಜ. ಸಮುದ್ರದ ಗಾಳಿಯಿಂದ ವಿಶಾಖಪಟ್ಟಣದಲ್ಲಿ ಸೆಕೆ ಅಷ್ಟಿಲ್ಲ, ಆದರೆ ಅದೇ ಉಪ್ಪುಗಾಳಿಗೆ ಸೆಲ್ಲಿನ ತಗಡು ಕಿಲುಬು ಹಿಡಿಯುತ್ತದೆ. ವರ್ಷಕ್ಕೆರಡು ಬಾರಿ ಸ್ಟೂಲು ಹತ್ತಿ ಮುಳ್ಳು ತಿರುಗಿಸುವುದು ಮೂವತ್ತರ ಪ್ರಾಯದವರಿಗೆ ಲೆಕ್ಕಕ್ಕಿಲ್ಲ. ಮಕ್ಕಳು ದೂರದ ಊರಿನಲ್ಲಿದ್ದು, ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರೇ ಇರುವಾಗ ಆ ಸ್ಟೂಲು ನಿಜವಾದ ಅಪಾಯ.

ವಿರೋಧಿಗಳು ಇಲ್ಲಿ ತಡೆಯುತ್ತಾರೆ. ಸೆಲ್ ಬದಲಿಸುವುದಕ್ಕೂ ಸ್ಟೂಲು ಹತ್ತಲೇಬೇಕಲ್ಲ? ಅಲೆಗಾಗಿ ರಾತ್ರಿಯಿಡೀ ಹುಡುಕುವ ಗಡಿಯಾರಕ್ಕೆ ಸೆಲ್ ಇನ್ನೂ ಬೇಗ ಮುಗಿಯುತ್ತದೆ. ಇದಕ್ಕಿಂತ ದೊಡ್ಡ ಆಕ್ಷೇಪ ಬೇರೆ ಇದೆ: ಹುಡುಕಿದರೂ ಸಿಗುವ ಅಲೆ ಇಲ್ಲಿಲ್ಲ. ಇಂಥ ಗಡಿಯಾರಗಳು ಕಿವಿಗೊಡುವುದು ಕೆಲವೇ ದೀರ್ಘತರಂಗ ಕೇಂದ್ರಗಳಿಗೆ. ಜರ್ಮನಿಯ ಮೈನ್‌ಫ್ಲಿಂಗೆನ್‌ನಿಂದ 77.5 ಕಿಲೋಹರ್ಟ್ಜ್, ಅಮೆರಿಕದ ಫೋರ್ಟ್ ಕಾಲಿನ್ಸ್‌ನಿಂದಲೂ ಇಂಗ್ಲೆಂಡಿನ ಆಂಥಾರ್ನ್‌ನಿಂದಲೂ 60, ಜಪಾನಿನ ಎರಡು ಬೆಟ್ಟಗಳಿಂದ 40 ಮತ್ತು 60, ಚೀನಾದ ಷಾಂಗ್‌ಚಿಯುವಿನಿಂದ 68.5. ಜರ್ಮನಿಯ ಕೇಂದ್ರವನ್ನು ನೆಚ್ಚಬಹುದಾದ ದೂರ ಸುಮಾರು 2,000 ಕಿಲೋಮೀಟರು. ಕೃಷ್ಣಾ ತೀರದ ವಿಜಯವಾಡ ಅಲ್ಲಿಂದ 7,000 ಕಿಲೋಮೀಟರಿಗೂ ಆಚೆ. ಎಲ್ಲಕ್ಕಿಂತ ಹತ್ತಿರದ ಚೀನಾ ಕೇಂದ್ರವೂ ವಿಶಾಖಪಟ್ಟಣದಿಂದ 3,500 ಕಿಲೋಮೀಟರಿಗಿಂತ ದೂರ. ದೆಹಲಿಯಲ್ಲಿ ರಾಷ್ಟ್ರೀಯ ಭೌತ ಪ್ರಯೋಗಾಲಯ ನಡೆಸುತ್ತಿದ್ದ ‘ಎಟಿಎ’ ಕೇಂದ್ರ 2014ರಲ್ಲಿ ನಿಂತುಹೋಯಿತು. ಅದು 5, 10, 15 ಮೆಗಾಹರ್ಟ್ಜ್‌ಗಳ ಹ್ರಸ್ವತರಂಗದ್ದಾದ್ದರಿಂದ, ಇದ್ದಾಗಲೂ ಮನೆಯ ಗಡಿಯಾರಗಳಿಗೆ ಅರ್ಥವಾಗುತ್ತಿರಲಿಲ್ಲ. ಅಮೆರಿಕದಿಂದ ಮಗಳು ಪ್ರೀತಿಯಿಂದ ತಂದ ‘ಅಟಾಮಿಕ್’ ಗಡಿಯಾರಕ್ಕೆ ಅಲ್ಲಿನ ನಾಲ್ಕಾರು ವಲಯಗಳು ಮಾತ್ರ ಗೊತ್ತಿದ್ದು, ನಮ್ಮ ಐದೂವರೆ ಗಂಟೆಯ ಲೆಕ್ಕ ಅದರೊಳಗೆ ಇಲ್ಲದಿರುವುದೇ ಹೆಚ್ಚು. ಬೆಂಗಳೂರಿನ ಮನೆಗೆ ತಂದಿದ್ದರೂ ಕಥೆ ಇದೇ.

ಈ ಆಕ್ಷೇಪ ಬಲವಾದದ್ದು, ಆದರೆ ಅದು ಒಂದು ಬಗೆಯ ಗಡಿಯಾರಕ್ಕಷ್ಟೇ ಅನ್ವಯಿಸುತ್ತದೆ ಎಂಬುದು ಪರವಾಗಿರುವವರ ಉತ್ತರ. ದೀರ್ಘತರಂಗ ಇಲ್ಲದಿದ್ದರೇನು, ಮನೆಯ ವೈಫೈ ಮೂಲಕ ಇಂಟರ್‌ನೆಟ್ಟಿನ ಸಮಯ ಪಡೆಯುವ ಗಡಿಯಾರಗಳಿವೆ, ಜಿಪಿಎಸ್ ಉಪಗ್ರಹಗಳಿಂದ ಪಡೆಯುವವೂ ಇವೆ. ರೈಲು ನಿಲ್ದಾಣಗಳಲ್ಲಿ ಜಿಪಿಎಸ್ ಆಧಾರದ ಗಡಿಯಾರಗಳು ಬಳಕೆಯಲ್ಲಿವೆ, ಮನೆಗೇಕೆ ಬೇಡ? ಹತ್ತು ಗಂಟೆಗೆ ಎಸಿ ದರ್ಜೆಯ, ಹನ್ನೊಂದಕ್ಕೆ ಸ್ಲೀಪರಿನ ತತ್ಕಾಲ್ ಟಿಕೆಟ್ ತೆರೆಯುವಾಗ ಬೆರಳು ಕಾದು ಕುಳಿತವರಿಗೆ ಅರ್ಧ ನಿಮಿಷದ ಬೆಲೆ ಗೊತ್ತು. ಹಿಂದೆ ಆಕಾಶವಾಣಿ ವಾರ್ತೆಯ ಮುನ್ನಿನ ‘ಪಿಪ್’ ಕೇಳಿ ಗಡಿಯಾರ ಸರಿಮಾಡುತ್ತಿದ್ದರು. 1948ರಲ್ಲಿ ಶುರುವಾದ ವಿಜಯವಾಡ ಕೇಂದ್ರದ ಶ್ರೋತೃಗಳಿಗೆ ಅದು ಅಭ್ಯಾಸ. ಈಗಿನ ಡಿಜಿಟಲ್ ಪ್ರಸಾರ ಉಪಗ್ರಹವೇರಿ ಇಳಿಯುವಷ್ಟರಲ್ಲಿ ಕೆಲವು ಸೆಕೆಂಡು ತಡ. ಹಳೆಯ ಆಸರೆ ಸಡಿಲವಾದಾಗ ಹೊಸದನ್ನು ಹುಡುಕುವುದರಲ್ಲಿ ತಪ್ಪೇನು?

ತತ್ಕಾಲ್ ಟಿಕೆಟ್ ತೆಗೆಯುವವರ ಕೈಯಲ್ಲಿ ಆ ಹೊತ್ತಿಗೆ ಫೋನು ಇದ್ದೇ ಇರುತ್ತದೆ, ಅದರಲ್ಲಿ ಸರಿಯಾದ ಸಮಯವೂ ಇರುತ್ತದೆ ಎಂದು ಇದಕ್ಕೆ ಪ್ರತ್ಯುತ್ತರ. ಗೋಡೆಯ ಗಡಿಯಾರದ ಕೆಲಸ ಬೇರೆ: ಅಡುಗೆಮನೆಯಿಂದ ತಲೆಯೆತ್ತಿ ನೋಡಿದಾಗ ಸ್ಕೂಲ್ ಬಸ್ಸಿಗೆ ಇನ್ನೆಷ್ಟು ಹೊತ್ತೆಂದು ತಿಳಿದರೆ ಸಾಕು. ಅದಕ್ಕೆ ಸೆಕೆಂಡಿನ ನಿಖರತೆ ಬೇಡ. ಬೇಡವಷ್ಟೇ ಅಲ್ಲ, ಎಷ್ಟೋ ಮನೆಗಳಲ್ಲಿ ಗಡಿಯಾರವನ್ನು ಬೇಕೆಂದೇ ಐದು ಹತ್ತು ನಿಮಿಷ ಮುಂದಿಟ್ಟಿರುತ್ತಾರೆ, ಮುಂದಿದೆಯೆಂದು ಗೊತ್ತಿದ್ದೂ ಅದನ್ನು ನೋಡಿಯೇ ಓಡುತ್ತಾರೆ. ಬೆಳಗಿನ ರತ್ನಾಚಲ್ ರೈಲು ಹಿಡಿಯಬೇಕಾದವರ ಈ ಪುಟ್ಟ ಆತ್ಮವಂಚನೆಯನ್ನು ತಾನೇ ತಿದ್ದಿಕೊಳ್ಳುವ ಗಡಿಯಾರ ರಾತ್ರೋರಾತ್ರಿ ಅಳಿಸಿಬಿಡುತ್ತದೆ. ಇನ್ನೊಂದು ಮಾತು: ಜರ್ಮನಿಯಲ್ಲಿ, ಅಮೆರಿಕದ ಬಹುಭಾಗದಲ್ಲಿ ವರ್ಷಕ್ಕೆರಡು ಬಾರಿ ಗಡಿಯಾರವನ್ನು ಒಂದು ಗಂಟೆ ಹಿಂದೆಮುಂದೆ ಮಾಡಬೇಕು, ರೇಡಿಯೊ ಗಡಿಯಾರ ಅಲ್ಲಿ ಜನಪ್ರಿಯವಾಗಲು ಅದೊಂದು ಮುಖ್ಯ ಕಾರಣ. ಯುದ್ಧಕಾಲದ ಕೆಲವು ಅವಧಿಗಳನ್ನು ಬಿಟ್ಟರೆ ನಮ್ಮ ಈಗಿನ ತಲೆಮಾರುಗಳು ಆ ಪಾಡು ಪಟ್ಟಿಲ್ಲ. ನನ್ನ ಮಟ್ಟಿಗೆ ವಿರೋಧಿಗಳ ಬತ್ತಳಿಕೆಯಲ್ಲಿ ಇದೇ ಅತ್ಯಂತ ಹರಿತವಾದ ಬಾಣ.

ವಿದ್ಯುತ್ತಿನ ವಿಷಯದಲ್ಲಿ ತಕ್ಕಡಿ ಎರಡೂ ಕಡೆ ತೂಗುತ್ತದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಅಪ್ಪಳಿಸಿದಾಗ ಕರೆಂಟೂ ಇರಲಿಲ್ಲ, ಮೊಬೈಲ್ ಸಂಪರ್ಕವೂ ಇರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದಾಗಲೂ ಹಲವು ಮನೆಗಳಿಗೆ ಅದೇ ಗತಿ. ಅಂಥ ದಿನಗಳಲ್ಲಿ ಒಂದೇ ಸೆಲ್ಲಿನ ಬಡ ಗಡಿಯಾರ ಯಾರ ಹಂಗೂ ಇಲ್ಲದೆ ನಡೆಯುತ್ತದೆ, ಕರೆಂಟಿಗೆ ಜೋಡಿಸಿದ ವೈಫೈ ಗಡಿಯಾರದ ಮುಖ ಕಪ್ಪಾಗಿರುತ್ತದೆ. ಆದರೆ ಕರೆಂಟು ಬಂದು ವೈಫೈ ಜೀವ ತಳೆದ ಮೇಲೆ ಯಾರೂ ಮುಟ್ಟದೆ ಸರಿಯಾದ ವೇಳೆಗೆ ಮರಳುವುದು ಆ ವೈಫೈ ಗಡಿಯಾರವೇ; ಪ್ಲಗ್ಗಿಗೆ ಹಾಕಿದ ಸಾಧಾರಣ ಡಿಜಿಟಲ್ ಗಡಿಯಾರ ಸೊನ್ನೆಯಿಂದಲೋ ಹನ್ನೆರಡರಿಂದಲೋ ಮಿನುಗುತ್ತ ಯಜಮಾನರ ದಾರಿ ಕಾಯುತ್ತದೆ. ದಿನವೂ ಅಷ್ಟಿಷ್ಟು ಕರೆಂಟು ಹೋಗುವ ಬೀದಿಯಲ್ಲಿ ಈ ಗುಣವನ್ನು ಕಡೆಗಣಿಸುವಂತಿಲ್ಲ.

ಈ ಎಲ್ಲ ಲೆಕ್ಕಾಚಾರಕ್ಕಿಂತ ಆಳದಲ್ಲಿ ಒಂದು ತತ್ತ್ವದ ಪ್ರಶ್ನೆ ಇದೆ. ಸಮಯವನ್ನು ಊರಿಗೆ ಹಂಚುವುದು ಯಾರ ಹೊಣೆ? 1840ರ ಸುಮಾರಿಗೆ ವಿಶಾಖಪಟ್ಟಣದ ಜಮೀನ್ದಾರ ಗೋಡೆ ವೆಂಕಟ ಜಗ್ಗಾರಾವು ಸ್ವಂತ ಖರ್ಚಿನಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿದರು. ಮದ್ರಾಸಿನ ವೀಕ್ಷಣಾಲಯದಲ್ಲಿ ಟಿ. ಜಿ. ಟೇಲರ್ ಬಳಿ ಕಲಿತವರು ಅವರು. ವೇಳೆ ತಿಳಿಸಲೆಂದು ಡಾಲ್ಫಿನ್ಸ್ ನೋಸ್ ಗುಡ್ಡದ ಮೇಲೆ ಧ್ವಜಸ್ತಂಭವನ್ನೂ ನಿಲ್ಲಿಸಿದರು. ಕಣ್ಣೆತ್ತಿ ನೋಡಿದವರಿಗೆಲ್ಲ ಆ ಸೂಚನೆ ಸಲ್ಲುತ್ತಿತ್ತು. ದೀರ್ಘತರಂಗದ ಗಡಿಯಾರ ಇದೇ ಪರಂಪರೆಯದು: ಕೇಂದ್ರ ಸಾರುತ್ತದೆ, ಮನೆ ಕೇಳಿಸಿಕೊಳ್ಳುತ್ತದೆ, ಯಾರು ಕೇಳಿದರೆಂದು ಕೇಂದ್ರಕ್ಕೆ ತಿಳಿಯದು. ಪಾಸ್‌ವರ್ಡ್ ಇಲ್ಲ, ಆ್ಯಪ್ ಇಲ್ಲ, ಚಂದಾ ಇಲ್ಲ. ವೈಫೈ ಗಡಿಯಾರದಲ್ಲಿ ಈ ಸರಳತೆ ಉಳಿದಿಲ್ಲ. ರೂಟರ್ ಬದಲಿಸಿದರೆ ಮತ್ತೆ ಜೋಡಿಸಬೇಕು. ತಯಾರಕರ ಆ್ಯಪ್ ನಿಂತರೆ ಕೆಲವು ಗಡಿಯಾರಗಳ ಜಾಣತನವೂ ಅಲ್ಲಿಗೆ ನಿಲ್ಲುತ್ತದೆ. ಜಿಪಿಎಸ್ ಗಡಿಯಾರ ಈ ದೋಷದಿಂದ ಮುಕ್ತ, ಅದೂ ಬರಿದೇ ಕೇಳುವಂಥದ್ದು; ಆದರೆ ಕಾಂಕ್ರೀಟ್ ಛಾವಣಿಯ ಅಡಿಯಲ್ಲಿ ಆ ಸಂಕೇತ ಕ್ಷೀಣ, ಕಿಟಕಿಯ ಬಳಿ ಆಂಟೆನಾ ಇಡಬೇಕಾದೀತು. ಸಾರ್ವಜನಿಕ ಸಮಯ ಬೇಕೆನ್ನುವವರಿಗೆ ಸ್ವಲ್ಪ ಭರವಸೆ ಇಲ್ಲದಿಲ್ಲ. ಅಹಮದಾಬಾದ್, ಬೆಂಗಳೂರು, ಭುವನೇಶ್ವರ, ಫರೀದಾಬಾದ್, ಗುವಾಹಟಿ ಈ ಐದು ಕಡೆಯ ಕಾನೂನು ಮಾಪನ ಪ್ರಯೋಗಾಲಯಗಳಿಂದ ಭಾರತೀಯ ಕಾಲಮಾನವನ್ನು ಹಂಚುವ ಯೋಜನೆ ಕೇಂದ್ರ ಸರ್ಕಾರದ್ದು, ಅದರಲ್ಲಿ ಇಸ್ರೊ ಕೂಡ ಪಾಲುದಾರ. ಅದಕ್ಕೆ ಸಂಬಂಧಿಸಿದ ಕರಡು ನಿಯಮಗಳು 2025ರ ಜನವರಿಯಲ್ಲಿ ಪ್ರಕಟವಾದವು. ಬ್ಯಾಂಕು, ದೂರಸಂಪರ್ಕ, ವಿದ್ಯುತ್ ಜಾಲಗಳನ್ನು ಕಣ್ಣಮುಂದಿಟ್ಟುಕೊಂಡ ಏರ್ಪಾಡು ಅದು. ಮನೆಯ ಗೋಡೆಗೆ ಅದರ ಪಾಲು ಬಂದರೂ ಜಾಲದ ಮೂಲಕವೇ ಬರಬೇಕು.

ಹೀಗಿರುವಾಗ ಹೆಚ್ಚಿನ ಮನೆಗಳಿಗೆ ಹಾಲ್‌ನಲ್ಲಿ ಸದ್ದಿಲ್ಲದೆ ನಡೆಯುವ ಸಾಧಾರಣ ಕ್ವಾರ್ಟ್ಜ್ ಗಡಿಯಾರ ಸಾಕು, ಬೇಸಿಗೆ ಕಳೆದ ಮೇಲೊಮ್ಮೆ ಫೋನು ನೋಡಿ ಸರಿಪಡಿಸಿಕೊಂಡರಾಯಿತು ಎಂದು ಎಚ್ಚರದಿಂದಲೇ ಹೇಳಬಹುದು. ಸ್ಟೂಲು ಹತ್ತಲಾಗದ ಹಿರಿಯರಷ್ಟೇ ಇರುವ ಮನೆ, ಔಷಧಿಯ ವೇಳೆ ತಪ್ಪಬಾರದ ಮನೆ, ಪಾಠವೋ ವ್ಯವಹಾರವೋ ಗಂಟೆಗೆ ಸರಿಯಾಗಿ ಶುರುವಾಗಬೇಕಾದ ಮನೆ ಇದ್ದರೆ, ಎಲ್ಲ ಕೋಣೆಗೂ ಬೇಡ, ಒಂದು ವೈಫೈ ಗಡಿಯಾರಕ್ಕೆ ದುಡ್ಡು ಹಾಕುವುದು ದುಂದಲ್ಲ. ಆದರೆ ಕರೆಂಟು ಹೋದಾಗ ಒಳಗಿನ ಸೆಲ್ಲಿನಿಂದ ಓಡುವಂಥದ್ದಾಗಿರಲಿ, ಆ್ಯಪ್ ಇಲ್ಲದೆಯೂ ಕೈಯಿಂದ ತಿದ್ದಲು ಬರುವಂತಿರಲಿ, ಸಮಯ ಕೊಡುವ ಸರ್ವರಿನ ವಿಳಾಸ ಬದಲಿಸಲು ಅವಕಾಶವಿದ್ದರೆ ಇನ್ನೂ ಒಳ್ಳೆಯದು. ಪೆಟ್ಟಿಗೆಯ ಮೇಲೆ ಬರಿದೇ ‘ರೇಡಿಯೊ ಕಂಟ್ರೋಲ್ಡ್’ ಎಂದಿದ್ದರೆ ಅಂಗಡಿಯವರನ್ನು ಯಾವ ಕೇಂದ್ರದ ಅಲೆ ಎಂದು ಕೇಳಿ, ಉತ್ತರ ಬರದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಮಗಳು ತಂದ ಅಮೆರಿಕದ ಗಡಿಯಾರವನ್ನು ಬಿಸಾಡಬೇಕಾಗಿಲ್ಲ: ಅಲೆ ಹುಡುಕುವುದನ್ನು ನಿಲ್ಲಿಸಿ ಕೈಯಾರೆ ವೇಳೆ ಹೊಂದಿಸುವ ಗುಂಡಿ ಹಿಂಬದಿಯಲ್ಲಿದ್ದರೆ, ಅದೂ ಒಂದು ಕ್ವಾರ್ಟ್ಜ್ ಗಡಿಯಾರವಾಗಿ ಚೆನ್ನಾಗಿಯೇ ನಡೆಯುತ್ತದೆ.